ಫ್ರೀಲಾನ್ಸ್ ಮಾಡುವವರಿಗೆ ಹಿರಿಯರೊಬ್ಬರು ಬೇಕೇ ಬೇಕು

ಫ್ರೀಲಾನ್ಸ್ ಕೆಲಸಕ್ಕೆ ಇಳಿಯುವ ಹುಡುಗ ಹುಡುಗಿಯರು ಮೊದಲು ಕೇಳೋದು ಯಾವ ಲ್ಯಾಪ್‌ಟಾಪ್ ತಗೊಳ್ಳಲಿ, ರೇಟ್ ಎಷ್ಟು ಹೇಳಲಿ ಅಂತ. ನನ್ನ ಉತ್ತರ ಒಂದೇ. ಇದೇ ಕೆಲಸದಲ್ಲಿ ತಲೆ ಹಣ್ಣಾದ ಒಬ್ಬರನ್ನು ಮೊದಲು ಹುಡುಕಿಕೊಳ್ಳಿ. ಮಿಕ್ಕಿದ್ದು ಆಮೇಲೆ.

ನಾನು ಮುಂಬೈಯಲ್ಲಿ ಕೂತು ಕನ್ನಡ ಸಬ್‌ಟೈಟಲ್, ಜಾಹೀರಾತು ಅನುವಾದ ಮಾಡುತ್ತೇನೆ. ರಾತ್ರಿ ಫೈಲ್ ಬರುತ್ತೆ, ಬೆಳಿಗ್ಗೆ ಬೇಕು ಅಂತಾರೆ, ದುಡ್ಡು ಮಾತ್ರ ತಿಂಗಳುಗಟ್ಟಲೆ ಬರೋದಿಲ್ಲ, ಗಟ್ಟಿಯಾಗಿ ಕೇಳಿದರೆ ಮುಂದಿನ ಕೆಲಸ ಕೈ ತಪ್ಪುತ್ತೇನೋ ಅನ್ನೋ ಭಯ ಬೇರೆ. ಊರಿಂದ ಅಪ್ಪ ಫೋನ್ ಮಾಡಿದಾಗಲೆಲ್ಲ "ಕೆಲಸ ಸಿಕ್ತಾ?" ಅಂತ ಕೇಳುತ್ತಿದ್ದರು. ಅವರ ಲೆಕ್ಕದಲ್ಲಿ ಇದು ಕೆಲಸವೇ ಅಲ್ಲ.

ಆಗ ಸಿಕ್ಕಿದವರು ನಾನು ಅಕ್ಕ ಅಂತ ಕರೆಯುವ ಒಬ್ಬ ಹಿರಿಯರು. ಹೆಸರು ಹಾಕುವುದು ಅವರಿಗೆ ಇಷ್ಟವಿಲ್ಲ. ಮಾಟುಂಗಾದ ಮೈಸೂರು ಅಸೋಸಿಯೇಷನ್‌ನಲ್ಲಿ ಒಂದು ಕಾರ್ಯಕ್ರಮದ ದಿನ ಪರಿಚಯವಾದರು. (1926ರ ಸಂಸ್ಥೆ ಅದು. ಮುಂಬೈಗೆ ಹೊಸದಾಗಿ ಬಂದ ಕನ್ನಡಿಗರು ಒಮ್ಮೆಯಾದರೂ ಹೋಗಿ ಬನ್ನಿ, ಜನ ಸಿಗುತ್ತಾರೆ.) ಅಕ್ಕ ರೇಡಿಯೋ ಜಾಹೀರಾತಿನ ಕಾಲದಿಂದ ಕನ್ನಡದಲ್ಲಿ ಬರೆದು ಬದುಕಿದವರು.

ಅವರ ಮನೆಗೆ ಹೋದಾಗ ನನ್ನ ಅನುವಾದ ಆಮೇಲೆ ನೋಡಿದರು. ಮೊದಲು ಕಪಾಟಿನಿಂದ ಉದ್ದನೆಯ ಒಂದು ರಿಜಿಸ್ಟರ್ ತೆಗೆದು ಮುಂದಿಟ್ಟರು. ಕೆಲಸ ಬಂದ ತಾರೀಖು, ಕೊಟ್ಟ ತಾರೀಖು, ಬಿಲ್ ಮೊತ್ತ, ದುಡ್ಡು ಕೈಗೆ ಬಂದ ತಾರೀಖು. ಕೊನೆಯ ಕಾಲಂನಲ್ಲಿ ಕೆಂಪು ಇಂಕಿನಲ್ಲಿ ಒಂದೇ ಪದ, "ಸರಿ" ಅಥವಾ "ಬೇಡ". ಎಂಥೆಂಥಾ ದೊಡ್ಡ ಹೆಸರುಗಳ ಮುಂದೆ "ಬೇಡ" ಅಂತಿತ್ತು!

"ಅವರು ನಿನ್ನನ್ನ ಆರಿಸ್ತಾರೆ, ಸರಿ. ನೀನೂ ಅವರನ್ನ ಆರಿಸಬೇಕು ಕಣೋ" ಅಂದರು.

ನನಗೆ ಹೀಗೆ ಯಾರೂ ಹೇಳಿರಲಿಲ್ಲ. ಕೆಲಸ ಕೊಡುವವರು ದೊಡ್ಡವರು, ನಾವು ಕೈಯೊಡ್ಡುವವರು ಅಂತ ತಲೆಯಲ್ಲಿ ಕೂತುಬಿಟ್ಟಿರುತ್ತೆ, ಅಲ್ವಾ?

ಸಣ್ಣ ಉದ್ಯಮಗಳಿಗಾಗಿ ಇರುವ 2006ರ ಎಂಎಸ್‌ಎಂಇ ಕಾಯ್ದೆಯನ್ನು ಓದಿಸಿದವರೂ ಅವರೇ. ಸರ್ಕಾರದ ಉದ್ಯಮ್ ಪೋರ್ಟಲ್‌ನಲ್ಲಿ ನೋಂದಣಿ ಮಾಡಿಕೊಂಡರೆ ಅನುವಾದಕನೂ ಒಂದು ಸಣ್ಣ ಉದ್ಯಮ. ಅದಕ್ಕೆ ಶುಲ್ಕ ಇಲ್ಲ. ಒಪ್ಪಂದದಲ್ಲಿ ಏನೇ ಬರೆದಿರಲಿ, ಕೆಲಸ ಒಪ್ಪಿಸಿಕೊಂಡ ಮೇಲೆ ದುಡ್ಡು ಕೊಡಲು 45 ದಿನ ದಾಟುವಂತಿಲ್ಲ. ದಾಟಿದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿ, ಅದೂ ತಿಂಗಳು ತಿಂಗಳು ಚಕ್ರಬಡ್ಡಿ. ಕೆಲಸ ಒಪ್ಪಿಕೊಳ್ಳುವ ಮೊದಲೇ ನೋಂದಣಿ ಮಾಡಿಕೊಂಡಿದ್ದರೆ ಒಳ್ಳೆಯದು, ಇದು ನೆನಪಿರಲಿ. ಈಗ ನನ್ನ ಪ್ರತಿ ಬಿಲ್ಲಿನಲ್ಲೂ ಉದ್ಯಮ್ ನಂಬರ್ ಇದೆ. ಬಾಕಿ ಕೇಳಲು ಫೋನ್ ಮಾಡುವಾಗ ದನಿ ನಡುಗುವುದಿಲ್ಲ.

ಆದರೆ ನನ್ನನ್ನು ಬದಲಿಸಿದ್ದು ಕಾನೂನಿಗಿಂತ ಜಾಸ್ತಿ ಅವರು ಬದುಕುವ ರೀತಿ. ಸಂಜೆಯಾದರೆ ಕೆಲಸದ ಫೋನ್ ಎತ್ತುವುದಿಲ್ಲ, ಫೈವ್ ಗಾರ್ಡನ್ಸ್ ಕಡೆ ನಡೆಯಲು ಹೊರಟುಬಿಡುತ್ತಾರೆ. ಒಮ್ಮೆ ಕೆಲಸವೇ ಇಲ್ಲದೆ ತಿಂಗಳು ಪೂರ್ತಿ ಖಾಲಿ ಹೋದಾಗ ಅಳು ಮುಖ ಹೊತ್ತು ಹೋಗಿದ್ದೆ. "ಮಳೆಗಾಲ ಬಂತು ಅಂತ ಊರಲ್ಲಿ ಯಾರಾದ್ರೂ ಅಳ್ತಾರಾ? ಮೊದಲೇ ಸೌದೆ ಒಟ್ಟಿಟ್ಟುಕೊಳ್ತಾರೆ" ಅಂದು ಕಾಫಿ ಕೊಟ್ಟರು. ಅಂದಿನಿಂದ ಬಂದ ಪ್ರತಿ ಬಿಲ್ಲಿನಲ್ಲೂ ಒಂದು ಪಾಲು ಬೇರೆ ಖಾತೆಗೆ ಹೋಗುತ್ತದೆ. ಖಾಲಿ ತಿಂಗಳು ಬಂದರೆ ಊರಿಗೆ ಹೋಗಿ ಅಪ್ಪನ ಜೊತೆ ತೋಟದಲ್ಲಿ ಓಡಾಡಿ ಬರುತ್ತೇನೆ. ಮೊದಲಾದರೆ ಅದೇ ದಿನಗಳಲ್ಲಿ ನಿದ್ದೆ ಬರುತ್ತಿರಲಿಲ್ಲ.

ಈಗ ದುಡ್ಡು ತಗೊಂಡು ಮೆಂಟರ್ ಆಗುವವರು ಎಲ್ಲೆಲ್ಲೂ ಇದ್ದಾರೆ. ಅವರಿಂದಲೂ ಕಲಿಯಬಹುದೇನೋ. ಆದರೆ ಕೋರ್ಸ್ ಮುಗಿದ ಮೇಲೆ ಅವರಿಗೆ ನಿಮ್ಮ ನೆನಪಿರಲ್ಲ. ನಿಮ್ಮಿಂದ ಏನೂ ಬೇಕಿಲ್ಲದವರು, ತಮ್ಮ ಲೆಕ್ಕದ ಪುಸ್ತಕ ಬಿಚ್ಚಿ ತೋರಿಸುವವರು ಬೇಕು. ಅಂಥವರು ತಾವಾಗಿ ಬರುವುದಿಲ್ಲ, ಸಂಕೋಚ ಬಿಟ್ಟು ನಾವೇ ಹೋಗಿ ಬಾಗಿಲು ತಟ್ಟಬೇಕು. ಹಿರಿಯರೂ ಅಷ್ಟೇ, ದಯವಿಟ್ಟು ಹೊಸಬರನ್ನು ಒಳಗೆ ಕರೆಯಿರಿ. ರೇಟ್ ಗುಟ್ಟಾಗಿಟ್ಟು ಯಾರಿಗೂ ಲಾಭವಾಗಿಲ್ಲ.

ಮುಂಬೈ, ಠಾಣೆ, ಪುಣೆ ಕಡೆ ಅನುವಾದಕ್ಕೆ ಇಳಿದಿರುವ ಕನ್ನಡದವರು ಯಾರಾದರೂ ಇದ್ದರೆ ಇನ್‌ಬಾಕ್ಸ್‌ಗೆ ಬನ್ನಿ. ಉದ್ಯಮ್ ನೋಂದಣಿ ಹೇಗೆ, ಬಿಲ್ ಹೇಗೆ ಬರೆಯೋದು ಅಂತ ಕೂತು ತೋರಿಸುತ್ತೇನೆ. ದುಡ್ಡೇನೂ ಬೇಡ.