ಬೀಗರು ಬಂದರು, ಬ್ಯಾಗು ತಂದರು

ಆ ಫೋಟೋ ನೀವೂ ನೋಡಿರ್ತೀರಿ. ಪಾವಗಡದ ಕಡೆಯ ಒಂದು ಶಾಲೆ, ಸೋಲಾರ್ ಕಂಪನಿಯೊಂದು ಮಕ್ಕಳಿಗೆ ಸ್ಕೂಲ್ ಬ್ಯಾಗ್ ಹಂಚಿದ ಫೋಟೋ. ಮುಂದಿನ ಸಾಲಿನಲ್ಲಿ ಶಾಲು ಹೊದ್ದ ಒಂಬತ್ತು ಜನ ದೊಡ್ಡವರು. ಅವರ ತೋಳಿನ ಸಂದಿಯಲ್ಲಿ ಅಲ್ಲೊಂದು ಕಣ್ಣು, ಇಲ್ಲೊಂದು ಜಡೆ. ಅವೇ ಮಕ್ಕಳು. ಒಂದು ಬ್ಯಾಗಿಗೆ ಒಂಬತ್ತೂ ಜನ ಕೈ ಹಾಕಿದ್ದಾರೆ, ತೇರಿನ ಮಿಣಿ ಹಿಡಿದ ಹಾಗೆ. ಹಿಂದೆ ಬ್ಯಾನರ್: ‘ಸಮುದಾಯದೊಂದಿಗೆ ಉತ್ತಮ ಬಾಂಧವ್ಯ’.

ಬ್ಯಾಗಿನ ಮೇಲೆ ಕಂಪನಿಯ ಹೆಸರು ಎಷ್ಟು ದೊಡ್ಡದಿದೆ ಅಂದರೆ, ಪುಸ್ತಕ ಹಾಕಲು ಜಾಗ ಬಿಟ್ಟಿದ್ದೇ ದೊಡ್ಡತನ.

ದಾನ ಕೊಟ್ಟವರು ಹೆಸರು ಬರೆಸುವುದು ನಮ್ಮಲ್ಲಿ ಹೊಸದಲ್ಲ. ದೇವಸ್ಥಾನಕ್ಕೆ ಟ್ಯೂಬ್‌ಲೈಟ್ ಕೊಟ್ಟು, ಅದರ ಮೇಲೆ ಇಡೀ ವಂಶದ ಹೆಸರು ಬರೆಸಿ, ಬೆಳಕಿಗೇ ಅಡ್ಡ ನಿಂತವರನ್ನು ನೋಡಿದ್ದೇವೆ. ಆದರೆ ಇದೇ ಶಾಲೆಗೆ ಕಂಪನಿಯವರು ಫ್ಯಾನನ್ನೂ ಕೊಟ್ಟಿದ್ದಾರೆ. ಮೂರು ರೆಕ್ಕೆಗೂ ಹೆಸರು. ಫ್ಯಾನ್ ತಿರುಗುವಾಗ ಅದು ಕಾಣುವುದಿಲ್ಲ. ಕರೆಂಟ್ ಹೋಗಬೇಕು, ಫ್ಯಾನ್ ನಿಧಾನವಾಗಬೇಕು, ಆಗ ಒಂದೊಂದೇ ಅಕ್ಷರ ದರ್ಶನ ಕೊಡುತ್ತದೆ. ಕರೆಂಟ್ ತಯಾರಿಸುವ ಕಂಪನಿಯ ಹೆಸರು ಕರೆಂಟ್ ಹೋದಾಗ ಮಾತ್ರ ಓದಲು ಸಿಗುತ್ತದೆ! ಅಲ್ಲಿನ ಮಕ್ಕಳಿಗೆ ಆ ಹೆಸರು ಬಾಯಿಪಾಠ ಆಗಿದೆಯಂತೆ.

ನನ್ನನ್ನು ಕಾಡಿದ್ದು ಬ್ಯಾನರ್‌ನಲ್ಲಿದ್ದ ‘ಬಾಂಧವ್ಯ’ ಅನ್ನುವ ಮಾತು. ನಮ್ಮ ಕಡೆ ‘ಸಂಬಂಧ ಬೆಳೆಸೋಣ’ ಅಂದರೆ ಅರ್ಥ ಒಂದೇ, ಹೆಣ್ಣು ಕೇಳಲು ಬಂದಿದ್ದಾರೆ ಅಂತ. ಹಾಗೆ ನೋಡಿದರೆ ಕಂಪನಿಯವರು ತಪ್ಪೇನೂ ಬರೆದಿಲ್ಲ. ಅವರು ಬೀಗರೇ. ತಿರುಮಣಿ, ವಳ್ಳೂರು, ಬಳಸಮುದ್ರ ಎಲ್ಲ ಸೇರಿ ಐದು ಊರಿನ ಹೆಣ್ಣು ಕೇಳಿದರು. ಹೆಣ್ಣಿನ ಅಳತೆ ಸುಮಾರು 13,000 ಎಕರೆ. ಮಾತುಕತೆ ಆಯಿತು. 28 ವರ್ಷಕ್ಕೆ ಗುತ್ತಿಗೆ, ಎಕರೆಗೆ ವರ್ಷಕ್ಕೆ 21,000 ರೂಪಾಯಿ, ಎರಡು ವರ್ಷಕ್ಕೊಮ್ಮೆ 5 ಪರ್ಸೆಂಟ್ ಜಾಸ್ತಿ. ಧಾರೆ ಎರೆದದ್ದೂ ಆಯಿತು. ಕೊಟ್ಟ ಹೆಣ್ಣು ಕುಲಕ್ಕೆ ಹೊರಗು ಅಂತಾರಲ್ಲ, ಬೇಲಿಯೂ ಬಂತು. ಈಗ ಯುಗಾದಿಗೊಂದು ಸಲ, ಗೌರಿ ಹಬ್ಬಕ್ಕೊಂದು ಸಲ ಬೀಗರು ಬ್ಯಾಗು, ಬೆಂಚು, ಟಿಫನ್ ಡಬ್ಬಿ ಹಿಡಿದು ಬರುತ್ತಾರೆ. ತವರಿನವರು ಸಾಲಾಗಿ ನಿಂತು ಚಪ್ಪಾಳೆ ಹೊಡೆಯಬೇಕು.

ಈ ಪ್ರೀತಿಗೆ ಸೆಕ್ಷನ್ ನಂಬರ್ ಕೂಡ ಇದೆ. 2013ರ ಕಂಪನಿ ಕಾಯ್ದೆ, ಸೆಕ್ಷನ್ 135. ದೊಡ್ಡ ಕಂಪನಿಗಳು ಹಿಂದಿನ ಮೂರು ವರ್ಷದ ಸರಾಸರಿ ಲಾಭದಲ್ಲಿ 2 ಪರ್ಸೆಂಟನ್ನು ಸಮಾಜಕ್ಕೆ ಖರ್ಚು ಮಾಡಬೇಕು, ಅದರಲ್ಲೂ ತಮ್ಮ ಸುತ್ತಮುತ್ತಲಿನ ಊರಿಗೆ ಮೊದಲು. ಅಂದರೆ ನಮ್ಮ ಊರಿನ ಮೇಲೆ ಉಕ್ಕಿದ ಮಮತೆಯನ್ನು ಆಡಿಟರ್ ಕೂತು ಲೆಕ್ಕ ಹಾಕುತ್ತಾನೆ. ಮಾರ್ಚ್ ತಿಂಗಳು ಬಂದರೆ ಅದು ಇನ್ನೂ ಉಕ್ಕುತ್ತದೆ.

ನನ್ನ ಚಿಕ್ಕಪ್ಪನಿಗೂ ಆ ಕಡೆ ಆರು ಎಕರೆ ಇತ್ತು. ಇತ್ತು ಏನು, ಈಗಲೂ ಇದೆ, ನೋಡಲು ಸಿಗುವುದಿಲ್ಲ ಅಷ್ಟೇ. ಅವರನ್ನು ಕೇಳಿದರೆ ದೂರು ಹೇಳುವುದಿಲ್ಲ. “ಮಳೆ ಕೈ ಕೊಟ್ಟ ಹಾಗೆ ಇವರು ಕೈ ಕೊಟ್ಟಿಲ್ಲ ಕಣಪ್ಪ. ಕಡಲೆಕಾಯಿ ಬಿತ್ತಿ ಆಕಾಶ ನೋಡೋದು ತಪ್ಪಿತು. ಬ್ಯಾಂಕಿಗೆ ದುಡ್ಡು ಬೀಳ್ತದೆ” ಅನ್ನುತ್ತಾರೆ. ನಿಜ. ಬರ ಉಂಡವರ ಮಾತಿಗೆ ತುಮಕೂರಿನಲ್ಲಿ ಕೂತು ಕಾಫಿ ಕುಡಿಯುವ ನಾನು ಎದುರಾಡಲಾರೆ.

ಪಾವಗಡ ಅಂದ ಕೂಡಲೇ ನಮ್ಮವರಿಗೆ ಸೋಲಾರ್‌ಗಿಂತ ಮೊದಲು ನೆನಪಾಗುವವನು ಶನಿಮಹಾತ್ಮ. ಎಳ್ಳೆಣ್ಣೆ ದೀಪ ಹಚ್ಚಲು ಎಲ್ಲೆಲ್ಲಿಂದಲೋ ಬರುತ್ತಾರೆ. ಆ ಶನಿ ಯಾರ ಮಗ? ಸೂರ್ಯನ ಮಗ. ಅಪ್ಪ ಮಗನಿಗೆ ಆಗಿಬರುವುದಿಲ್ಲ ಅಂತ ಹರಿಕಥೆಯಲ್ಲಿ ಕೇಳಿದ್ದೇವೆ. ಈ ತಾಲ್ಲೂಕಿನ ವಿಷಯದಲ್ಲಿ ಮಾತ್ರ ಇಬ್ಬರೂ ಒಂದಾಗಿದ್ದರು. ಅಪ್ಪ ಬೆಳೆ ಸುಡುತ್ತಿದ್ದ, ಮಗ ಹೆಗಲೇರುತ್ತಿದ್ದ. 2018ರ ಮಾರ್ಚ್‌ನಲ್ಲಿ ಇಲ್ಲಿನ ಸೋಲಾರ್ ಪಾರ್ಕ್ ‘ಶಕ್ತಿ ಸ್ಥಳ’ ಉದ್ಘಾಟನೆಯಾಯಿತು, ಅಪ್ಪನಿಗೆ ಕಂಪನಿ ಕೆಲಸ ಸಿಕ್ಕಿತು. ಈಗ 2,050 ಮೆಗಾವಾಟ್ ದುಡಿಯುತ್ತಾನೆ, ಸಂಜೆ ಆರಕ್ಕೆ ಡ್ಯೂಟಿ ಮುಗಿಸುತ್ತಾನೆ. ಶನಿಯ ತಾಯಿ ಛಾಯಾದೇವಿ, ಅಂದರೆ ನೆರಳು. ಅವಳು ಪ್ಯಾನೆಲ್‌ಗಳ ಕೆಳಗೆ ಆರಾಮಾಗಿ ಮಲಗಿದ್ದಾಳೆ, ಬೇಲಿಯ ಒಳಗೆ. ಗಂಡ ಹೆಂಡತಿ ಇಬ್ಬರೂ ಒಳಗಾದರು. ಊರಿನವರ ಪಾಲಿಗೆ ಉಳಿದವನು ಮಗ.

ಕರೆಂಟ್ ನಮ್ಮ ತಲೆ ಮೇಲೆ ಹಾದು ಹೋಗುವುದೂ ಹಳೇ ಸಂಪ್ರದಾಯವೇ. 1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ಸುಮಾರು 92 ಮೈಲಿ ತಂತಿ ಎಳೆದರು. ಬೆಂಗಳೂರಿನ ಬೀದಿಗೇ ದೀಪ ಬಂದದ್ದು 1905ರಲ್ಲಿ. ನಡುವಿನ ಹಳ್ಳಿಗಳಿಗೆ ಆ ತಂತಿಯಿಂದ ಆದ ಉಪಯೋಗ ಏನು ಅಂದರೆ, ಕಾಗೆಗಳಿಗೆ ಕೂರಲು ಜಾಗ ಆಯಿತು. ಚಿನ್ನ ಕಮ್ಮಿಯಾಯಿತು, 2001ರಲ್ಲಿ ಗಣಿ ಮುಚ್ಚಿತು. ಬೀಗರು ಉಂಡು ಎದ್ದ ಎಲೆಯ ಹಾಗೆ ಸೈನೈಡ್ ದಿಬ್ಬಗಳು ಕೆಜಿಎಫ್‌ನಲ್ಲಿ ಇನ್ನೂ ಬಿದ್ದಿವೆ. ಗಾಳಿ ಬೀಸಿದರೆ ಆ ಧೂಳು ಮನೆಯೊಳಗೇ ಬರುತ್ತದೆ. ಎಲೆ ಎತ್ತುವುದು ಹೆಣ್ಣಿನ ಕಡೆಯವರ ಕೆಲಸ ಅಲ್ವಾ.

ನಮ್ಮ ಚಿಕ್ಕಪ್ಪನ ಹೊಲದಲ್ಲಿ ಕಳೆ ಕೀಳಲು, ಕಡಲೆಕಾಯಿ ಬಿಡಿಸಲು ಬರುತ್ತಿದ್ದ ಹೆಂಗಸರು ಇದ್ದರು. ಅವರ ಹೆಸರಿನಲ್ಲಿ ಒಂದು ಗುಂಟೆಯೂ ಇರಲಿಲ್ಲ. ಹಾಗಾಗಿ ಅವರಿಗೆ ಬಾಡಿಗೆಯೂ ಇಲ್ಲ, ಕೂಲಿಯೂ ಇಲ್ಲ. ಬೆಳೆ ಕೊಯ್ದ ಮೇಲೆ ಆ ಹೊಲಗಳಲ್ಲೆಲ್ಲ ಕುರಿ ಮೇಯಿಸುತ್ತಿದ್ದವರು ಇದ್ದರು. ಬೇಲಿ ಬಂತು, ಕುರಿ ಮಾರಿದರು. ಒಳಗೆ ಪ್ಯಾನೆಲ್ ಕೆಳಗೆ ಹುಲ್ಲು ಎದೆಯುದ್ದ ಬೆಳೆಯುತ್ತದೆ. ಅದನ್ನು ಕೊಯ್ಯಲು ಕಂಟ್ರಾಕ್ಟರ್ ಆಳು ಕರೆಯುತ್ತಾನೆ. ಕುರಿ ಇಟ್ಟವನೇ ಕುರಿ ಮಾರಿ, ಕುರಿ ತಿನ್ನಬೇಕಾದ ಹುಲ್ಲನ್ನು ದಿನಗೂಲಿಗೆ ಕೊಯ್ಯುತ್ತಾನೆ. ಇದರಲ್ಲಿ ವಿಡಂಬನೆ ಮಾಡಲು ನನಗೇನೂ ಉಳಿದಿಲ್ಲ. ಪ್ಯಾನೆಲ್ ತೊಳೆಯಲು ಟ್ಯಾಂಕರ್ ಒಳಗೆ ಹೋಗುವುದನ್ನು ಹೆಂಗಸರು ಬಿಂದಿಗೆ ಹಿಡಿದು ನೋಡುತ್ತಾ ನಿಂತಿರುತ್ತಾರೆ. ಫ್ಲೋರೈಡ್ ನೀರು ಕುಡಿದು ಹಲ್ಲು ಹಳದಿಯಾದ ಮಕ್ಕಳಿಗೆ “ಸ್ಮೈಲ್ ಪ್ಲೀಸ್” ಅಂದು ಫೋಟೋ ಹೊಡೆಯುತ್ತಾರೆ. ನಿಮಗೆ ಏನು ಬೇಕು ಅಂತ ಅವರನ್ನು ಒಂದು ಸಲ, ಸುಮ್ನೆ ಮಾತಿಗಾದರೂ, ಯಾರೂ ಕೇಳಿಲ್ಲ. ಬ್ಯಾಗ್ ಬೇಕು ಅಂತ ಯಾರು ಅರ್ಜಿ ಕೊಟ್ಟಿದ್ದರು ಸ್ವಾಮಿ?

ಹೋಗಲಿ, ಕೇಳಿಲ್ಲ ಅಂದರೆ ತಪ್ಪಾಗುತ್ತದೆ. ಆ ಬ್ಯಾಗಿನ ಸಮಾರಂಭ ಮುಗಿದ ಮೇಲೆ ಒಂದು ಫಾರ್ಮ್ ಹಂಚಿದರಂತೆ. ‘ನಮ್ಮ ಸಂಸ್ಥೆಯೊಂದಿಗೆ ನಿಮ್ಮ ಬಾಂಧವ್ಯ ಹೇಗಿದೆ? ಅತ್ಯುತ್ತಮ, ಉತ್ತಮ, ಸಾಧಾರಣ.’ ನಾಲ್ಕನೇ ಮನೆಯೇ ಇಲ್ಲ. ಚಿಕ್ಕಪ್ಪ ‘ಉತ್ತಮ’ಕ್ಕೆ ಗುರುತು ಹಾಕಿದರು. ಪಕ್ಕದಲ್ಲಿದ್ದ ಕುರಿ ಮಾರಿದವನು ಹೆಬ್ಬೆಟ್ಟು ಒತ್ತಿದ, ಮೂರೂ ಮನೆಗೆ ಆಗುವಷ್ಟು ದೊಡ್ಡದಾಗಿ. ಕಂಪನಿಯವರು ಅದನ್ನು ‘ಅತ್ಯುತ್ತಮ’ ಅಂತ ಬರೆದುಕೊಂಡರಂತೆ.

ಮೊನ್ನೆ ತುಮಕೂರು ಬಸ್ ಸ್ಟ್ಯಾಂಡಿನಲ್ಲಿ ಪಾವಗಡದ ಬಸ್ಸಿಂದ ಒಂದು ಸಂಸಾರ ಇಳಿಯಿತು. ಗಂಡ, ಹೆಂಡತಿ, ಒಬ್ಬ ಹುಡುಗ, ಎರಡು ಗೋಣಿಚೀಲ. ಬೆಂಗಳೂರಿಗೆ ಗಾರೆ ಕೆಲಸಕ್ಕೆ ಹೊರಟಿದ್ದರು. ಹುಡುಗನ ಬೆನ್ನಿಗೆ ಅದೇ ಬ್ಯಾಗು. ಪುಸ್ತಕದ ಬದಲು ಒಳಗೆ ಒಂದು ಪಾತ್ರೆ, ಎರಡು ಸೌಟು ಇತ್ತು. ಜಿಪ್ ಆಗಲೇ ಕಿತ್ತುಹೋಗಿ ಪಿನ್ನು ಹಾಕಿದ್ದರು. ಹೆಸರು ಮಾತ್ರ ಹೊಸದರ ಹಾಗೇ ಹೊಳೆಯುತ್ತಿತ್ತು.