ನೆಲವೇ ಡೊಂಕು, ಸ್ವಾಮಿ

ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ಈ ಗಾದೆ ಕಟ್ಟಿದವರು ನಮ್ಮ ಕಾಲದ ಪಾದಚಾರಿ ಮಾರ್ಗವನ್ನು ಕಂಡಿರಲಿಲ್ಲ. ಕಂಡಿದ್ದರೆ ಆ ಹೆಂಗಸಿನ ಕ್ಷಮೆ ಕೇಳಿ, ನೆಲ ಹಾಸಿದ ಗುತ್ತಿಗೆದಾರ ಯಾರೆಂದು ವಿಚಾರಿಸುತ್ತಿದ್ದರು.

ವಯಸ್ಸಾದವರಿಗೆ ಎಲ್ಲರೂ ಕೊಡುವ ಸಲಹೆ ಒಂದೇ: ನಡೆಯಿರಿ. ವೈದ್ಯರು ಹೇಳುತ್ತಾರೆ, ಮಕ್ಕಳು ಹೇಳುತ್ತಾರೆ, ಮಗ ತಂದು ಕಟ್ಟಿದ ಕೈಗಡಿಯಾರವೂ ಗಂಟೆಗೊಮ್ಮೆ ನಡುಗಿ ಹೇಳುತ್ತದೆ. ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಲೆಕ್ಕವನ್ನೇ ಕೊಟ್ಟಿದೆ. 65 ದಾಟಿದವರು ವಾರಕ್ಕೆ 150ರಿಂದ 300 ನಿಮಿಷ ಮೈ ದಣಿಸಬೇಕು. ಕನಿಷ್ಠ ಮೂರು ದಿನ ಬೀಳದಂತೆ ಸಮತೋಲನ ಕಲಿಸುವ ವ್ಯಾಯಾಮವೂ ಬೇಕು. ಈ ಎರಡನೆಯ ಹೊಣೆಯನ್ನು ನಗರಾಡಳಿತ ಸಂತೋಷದಿಂದ ಹೊತ್ತುಕೊಂಡಿದೆ. ಒಂದು ಕಲ್ಲು ಮೇಲೆದ್ದು, ಪಕ್ಕದ್ದು ಕುಸಿದು, ಮೂರನೆಯದು ಕಾಲಿಟ್ಟೊಡನೆ ತೊಟ್ಟಿಲಿನಂತೆ ತೂಗುವ ಹಾದಿಯನ್ನು ಮನೆಬಾಗಿಲಿಗೇ ತಂದು ಹಾಸಿದೆ. ಮೂರು ದಿನವೇಕೆ, ಏಳು ದಿನವೂ ಅಭ್ಯಾಸ ಮಾಡಬಹುದು. ಶುಲ್ಕವಿಲ್ಲ.

2021ರಿಂದ 2030ರವರೆಗಿನ ಅವಧಿಯನ್ನು ವಿಶ್ವಸಂಸ್ಥೆ ಆರೋಗ್ಯಕರ ವೃದ್ಧಾಪ್ಯದ ದಶಕವೆಂದು ಸಾರಿದೆ. ಸುದ್ದಿ ತಿಳಿದವರು ಹಿರಿಯರನ್ನು ಗೌರವಿಸೋಣ ಎಂಬ ಫಲಕ ಬರೆಸಿದರು. ಫಲಕಕ್ಕೆ ಕಂಬ ಬೇಕಲ್ಲ? ಪಾದಚಾರಿ ಮಾರ್ಗದ ನಟ್ಟನಡುವೆ ನೆಟ್ಟರು. ಗಾಲಿಯ ಊರುಗೋಲು ಹಿಡಿದವರು ಅಲ್ಲಿಗೆ ಬಂದಾಗ ಗೌರವವನ್ನು ಬಳಸಿಕೊಂಡು ರಸ್ತೆಗಿಳಿಯಬೇಕು.

ಇನ್ನು ಹಸಿರು ದೀಪದ ಸಂಗತಿ. ರಸ್ತೆ ದಾಟುವವರು ಸೆಕೆಂಡಿಗೆ 1.2 ಮೀಟರ್ ನಡೆಯುತ್ತಾರೆಂದು ಹಿಡಿದು ದೀಪದ ಸಮಯ ನಿಗದಿ ಮಾಡುವುದು ಹಲವು ದೇಶಗಳ ರೂಢಿ. ಇಂಗ್ಲೆಂಡಿನಲ್ಲಿ 65 ದಾಟಿದವರ ನಡಿಗೆಯನ್ನು ಅಳೆದಾಗ, 2012ರಲ್ಲಿ ಪ್ರಕಟವಾದ ಲೆಕ್ಕದಂತೆ, ಗಂಡಸರ ಸರಾಸರಿ 0.9 ಮೀಟರ್, ಹೆಂಗಸರದು 0.8. ಗಣಿತ ಶಾಲಾ ಮಕ್ಕಳಿಗೂ ಗೊತ್ತು. ಹನ್ನೆರಡು ಮೀಟರ್ ರಸ್ತೆಗೆ ಹತ್ತು ಸೆಕೆಂಡು ಕೊಟ್ಟರೆ, ದೀಪ ಆರಿದಾಗ ಅಜ್ಜಿ ಎಂಟನೆಯ ಮೀಟರಿನಲ್ಲಿರುತ್ತಾರೆ. ಕೋಲು ಬಲಗೈಯಲ್ಲಿ, ಔಷಧಿಯ ಚೀಲ ಎಡಗೈಯಲ್ಲಿ, ಎದುರಿಗೆ ಎಂಜಿನ್ ಗುರುಗುಟ್ಟಿಸುತ್ತಿರುವ ಸಾಲು. ಉಳಿದ ನಾಲ್ಕು ಮೀಟರ್ ಅವರಿಗೂ ದೇವರಿಗೂ ಬಿಟ್ಟದ್ದು. ಸಿಂಗಪುರದಲ್ಲಿ 2009ರಿಂದ ಹಿರಿಯರು ಕಂಬಕ್ಕೆ ಕಾರ್ಡ್ ತೋರಿಸಿದರೆ ಹಸಿರು ದೀಪ ಕೆಲವು ಸೆಕೆಂಡು ಹೆಚ್ಚು ಉರಿಯುತ್ತದೆ. ಬೇರೆ ಕಡೆಗಳಲ್ಲಿ ವಾಹನಗಳಿಗೆ ಅಂಗೈ ತೋರಿಸುತ್ತಾರೆ.

ಬೆಂಚಿನ ಕಥೆ ಇದಕ್ಕಿಂತ ಸೊಗಸು. ಯಾರೋ ಅದರ ಮೇಲೆ ಮಲಗಿದರೆಂದು ಮೊದಲು ನಡುವೆ ಕಬ್ಬಿಣದ ಅಡ್ಡಪಟ್ಟಿ ಬಂತು. ಯಾರೋ ಹೆಚ್ಚು ಹೊತ್ತು ಕೂತರೆಂದು ಮುಂದಕ್ಕೆ ಓರೆ ಮಾಡಿದರು. ಈಗ ಬೆಂಚೂ ಇಲ್ಲ, ಸಮಸ್ಯೆಯೂ ಇಲ್ಲ. ಮಂಡಿ ನೋಯುವವರ ಊರಿನ ನಕಾಶೆಯೇ ಬೇರೆ ಎಂಬುದು ನಕಾಶೆ ಬರೆಯುವವರಿಗೆ ಹೊಳೆಯುವುದಿಲ್ಲ. ಮಂಡಿ ನೋಯುವವರು ದೂರವನ್ನು ಅಳೆಯುವುದು ಕೂರುವ ಒಂದು ಜಾಗದಿಂದ ಇನ್ನೊಂದಕ್ಕೆ. ಒಂದು ಬೆಂಚು ಕಿತ್ತರೆ ಅದರಾಚೆಯ ಗ್ರಂಥಾಲಯ, ಗೆಳೆಯನ ಮನೆ, ಸಂಜೆಯ ಹರಟೆ ಎಲ್ಲವೂ ಪರದೇಶವಾಗುತ್ತವೆ. ಸಾರ್ವಜನಿಕ ಶೌಚಾಲಯಕ್ಕೆ ಬೀಗ ಜಡಿದರೂ ಅಷ್ಟೇ. ಹೊರಡುವ ದಿನ ಬೆಳಗಿನಿಂದ ನೀರು ಕುಡಿಯದೆ, ಒಣ ನಾಲಿಗೆಯಲ್ಲಿ ಮದುವೆಮನೆಗೆ ಹೋಗಿ ನಗುವ ಮುದುಕರು ಎಷ್ಟು ಜನರೋ.

ಇದೆಲ್ಲ ಗುಟ್ಟೇನೂ ಅಲ್ಲ. ದೇಹದ ಕಸುವು ಕುಗ್ಗಿದಷ್ಟೂ ಮನುಷ್ಯನ ಮೇಲೆ ಸುತ್ತಣ ಪರಿಸರದ ಹಿಡಿತ ಬಿಗಿಯಾಗುತ್ತದೆ ಎಂಬ ವಾದವನ್ನು ಲಾಟನ್ ಮತ್ತು ನಹೆಮೊ ಎಂಬ ಅಮೆರಿಕದ ಸಂಶೋಧಕರು ವಿವರಿಸಿದ್ದು 1973ರಲ್ಲಿ. 2007ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ 33 ನಗರಗಳ ಅನುಭವ ಕಲೆಹಾಕಿ ಕೈಪಿಡಿಯನ್ನೇ ತಂದಿತು. ಹಿರಿಯರು ಕೇಳಿದ್ದು ಚಂದ್ರಲೋಕವನ್ನಲ್ಲ: ಕೂರಲು ಜಾಗ, ಜಾರದ ಹಾದಿ, ತೆರೆದಿರುವ ಶೌಚಾಲಯ. ಇಷ್ಟು ಸಣ್ಣ ಬೇಡಿಕೆಗೆ ಶಂಕುಸ್ಥಾಪನೆ ಮಾಡುವುದಾದರೂ ಹೇಗೆ? ಆದ್ದರಿಂದ ಹಿರಿಯರ ಉದ್ಯಾನ ಕಟ್ಟಿಸುತ್ತಾರೆ. ಒಳಗೆ ಬೈಕು ನುಗ್ಗಬಾರದೆಂದು ಬಾಗಿಲಲ್ಲಿ ಕಂಬಿಗಳ ಚಕ್ರವ್ಯೂಹ. ಬೈಕು ನುಗ್ಗುತ್ತದೆ. ಗಾಲಿಕುರ್ಚಿ ಹೊರಗೆ ಉಳಿಯುತ್ತದೆ.

ಹೀಗೆ ಮೂರು ಕಡೆಯಿಂದ ಬೇಲಿ ಹಾಕಿದ ಮೇಲೆ ಮುದುಕರು ಮನೆಯಲ್ಲಿ ಕೂರುತ್ತಾರೆ. ಕೂತ ಮೇಲೆ ಕಾಲು ಇನ್ನಷ್ಟು ಸೋಲುತ್ತದೆ. ಆಗ ನಾವು ಮರುಕದಿಂದ ತಲೆ ಅಲ್ಲಾಡಿಸಿ, ವಯಸ್ಸಾಯಿತಲ್ಲ, ಮೊದಲಿನ ಉತ್ಸಾಹವಿಲ್ಲ ಎನ್ನುತ್ತೇವೆ. ಇದಕ್ಕೊಂದು ಸಮೀಕ್ಷೆಯೂ ನಡೆಯುತ್ತದೆ. ತರುಣನೊಬ್ಬ ಫಾರಂ ಹಿಡಿದು ಬೀದಿಯ ಮೂಲೆಯಲ್ಲಿ ನಿಂತು, ಬಂದುಹೋಗುವ ವೃದ್ಧರನ್ನು ಎಣಿಸುತ್ತಾನೆ. ಸಂಜೆಯ ತನಕ ಸೊನ್ನೆ. ಬೀದಿಯಲ್ಲಿ ವೃದ್ಧರೇ ಇಲ್ಲವಾದ್ದರಿಂದ ಬೆಂಚಿನ ಅಗತ್ಯವಿಲ್ಲ ಎಂದು ಷರಾ ಬರೆದು, ಕಾಗದ ಮಡಚಿಕೊಂಡು ಹೊರಟವನು ತೂಗುವ ಕಲ್ಲಿನ ಮೇಲೆ ಕಾಲಿಟ್ಟು ಮುಗ್ಗರಿಸುತ್ತಾನೆ.

ಎದುರು ಮನೆಯ ಕಿಟಕಿಯಲ್ಲಿ ಕೂತ ಅಜ್ಜಿಯೂ ಬೆಳಗಿನಿಂದ ಎಣಿಸುತ್ತಿದ್ದಾರೆ. ಅವರ ಲೆಕ್ಕದಲ್ಲಿ ಇವನು ನಾಲ್ಕನೆಯವನು.