ಆ ಸ್ಪೀಕರ್ ಆಫ್ ಮಾಡಿ, ದಯವಿಟ್ಟು

ಲಾಲ್‌ಬಾಗ್‌ನಿಂದ ಈಗಷ್ಟೇ ಬಂದೆ. ತಿಂಡಿ ಕೂಡ ತಿಂದಿಲ್ಲ, ಅಷ್ಟು ಸಿಟ್ಟು ಬಂದಿದೆ.

ಹಕ್ಕಿ ನೋಡಲಿಕ್ಕೆ ನಾನು ಯಾವಾಗಲೂ ಹೋಗಿ ನಿಲ್ಲುವ ಬಿದಿರು ಮೆಳೆ ನಿಮಗೆ ಗೊತ್ತಲ್ವಾ? ಅಲ್ಲಿ ನಾಲ್ಕೈದು ಜನ ದೊಡ್ಡ ಲೆನ್ಸ್ ಹಿಡಿದು ನಿಂತಿದ್ದರು. ಒಬ್ಬರು ಪೊದೆ ಬುಡದಲ್ಲಿ ಪುಟ್ಟ ಬ್ಲೂಟೂತ್ ಸ್ಪೀಕರ್ ಇಟ್ಟು ಮಡಿವಾಳ ಹಕ್ಕಿಯ (ಕಪ್ಪು-ಬಿಳಿ ಬಣ್ಣದ ಪುಟ್ಟ ಹಾಡುಹಕ್ಕಿ, ಇಂಗ್ಲಿಷಿನಲ್ಲಿ ಮ್ಯಾಗ್‌ಪೈ ರಾಬಿನ್) ರೆಕಾರ್ಡ್ ಮಾಡಿದ ಹಾಡು ಹಾಕಿದ್ದರು. ಮುಗಿದರೆ ಮತ್ತೆ ಅದೇ. ಗಂಡು ಹಕ್ಕಿ ಧಾವಿಸಿ ಬಂತು. ಬಾಲ ನಿಗುರಿಸಿ, ಎದೆ ಉಬ್ಬಿಸಿ, ಕೊಂಬೆಯಿಂದ ಕೊಂಬೆಗೆ ಹಾರಿ ಹುಡುಕಿತು. "ಎಂಥಾ ಪೋಸ್ ಕೊಡ್ತಿದೆ ನೋಡಿ" ಅಂದರು ಒಬ್ಬರು.

ಅದು ಪೋಸ್ ಅಲ್ಲ ಸ್ವಾಮಿ, ಜಗಳಕ್ಕೆ ಬಂದಿರೋದು! ಮಾರ್ಚ್ ಅಂದರೆ ಮಡಿವಾಳಕ್ಕೆ ಗೂಡಿನ ಕಾಲ. ಹೆಣ್ಣು ಮರದ ಪೊಟರೆಯಲ್ಲಿ ಗೂಡು ಮಾಡಿ ಕಾವು ಕೂರುತ್ತದೆ, ಗಂಡು ಸುತ್ತಲಿನ ಜಾಗ ಕಾಯುತ್ತದೆ. ಬೆಳಕು ಹರಿಯುವ ಮೊದಲೇ ಅದು ಹಾಡುವುದು ಸುಮ್ನೆ ಅಲ್ಲ. ಹೆಣ್ಣನ್ನು ಕರೆಯಲಿಕ್ಕೆ, ಬೇರೆ ಗಂಡುಗಳನ್ನು ದೂರ ಇಡಲಿಕ್ಕೆ. ಸ್ಪೀಕರಿನಲ್ಲಿ ಅದೇ ಹಾಡು ಕೇಳಿಸಿದರೆ ಇನ್ನೊಂದು ಗಂಡು ಒಳಗೆ ನುಗ್ಗಿದೆ ಅಂತಲೇ ಅದಕ್ಕೆ ಅನಿಸುತ್ತದೆ. ಹುಳು ಹಿಡಿಯಬೇಕಾದ ಹೊತ್ತಿನಲ್ಲಿ ಇಲ್ಲದ ವೈರಿಯನ್ನು ಹುಡುಕಿಕೊಂಡು ಅಲೆಯುತ್ತದೆ.

ಕೇಳಿದ್ದಕ್ಕೆ "ಎರಡೇ ನಿಮಿಷ ಮೇಡಂ, ಸಂಶೋಧಕರೂ ಹಾಕ್ತಾರೆ" ಅಂದರು. ಹೌದು, ಹಕ್ಕಿಗಳ ಸಮೀಕ್ಷೆಗೆ ಕೆಲವರು ಹಾಕುತ್ತಾರೆ. ಒಂದು ಕ್ರಮ ಇಟ್ಟುಕೊಂಡು, ಕೊಂಚ ಹೊತ್ತು ಹಾಕಿ ನಿಲ್ಲಿಸುತ್ತಾರೆ. ಇಲ್ಲಿ ನಿಮ್ಮ ಎರಡು ನಿಮಿಷ ಮುಗಿದ ಮೇಲೆ ಇನ್ನೊಬ್ಬರ ಎರಡು ನಿಮಿಷ ಶುರುವಾಗುತ್ತದೆ. 240 ಎಕರೆ ತೋಟ, ಆದರೆ ಎಲ್ಲರೂ ಬಂದು ನಿಲ್ಲುವುದು ಅದೇ ಮೆಳೆ ಹತ್ತಿರ. ಪ್ರತಿ ಭಾನುವಾರ ಆ ಒಂದೇ ಹಕ್ಕಿಗೆ ಈ ಕಾಟ.

ಮರ್ಲಿನ್ ಆ್ಯಪ್ ಬಂದ ಮೇಲೆ ಹಕ್ಕಿಗಳ ದನಿ ಎಲ್ಲರ ಜೇಬಿನಲ್ಲೂ ಇದೆ. ಕೂಗಿದ್ದು ಯಾವ ಹಕ್ಕಿ ಅಂತ ತಿಳಿದುಕೊಳ್ಳಲಿಕ್ಕೆ ಎಷ್ಟು ಚೆಂದದ ಆ್ಯಪ್ ಅದು! ಅದನ್ನು ಹಕ್ಕಿಗೆ ಬಲೆ ಬೀಸಲು ಬಳಸಬೇಕಾ? 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಹಕ್ಕಿಯ ಗೂಡಿಗೆ, ಮೊಟ್ಟೆಗೆ ತೊಂದರೆ ಕೊಡುವುದನ್ನೂ ಬೇಟೆ ಅಂತಲೇ ಕರೆಯುತ್ತದೆ. ಆ ಪೊದೆಯ ಪಕ್ಕದ ಮರದಲ್ಲೇ ಗೂಡು ಇರಬಹುದು ಅಂತ ಒಬ್ಬರಿಗೂ ಹೊಳೆಯಲಿಲ್ಲ.

ಸುಳ್ಳು ಯಾಕೆ ಹೇಳಲಿ, ಬಾಲ ನಿಗುರಿಸಿದ ಮಡಿವಾಳದ ಫೋಟೋ ಯಾರಾದರೂ ಹಾಕಿದರೆ ನನಗೂ ಹೊಟ್ಟೆಕಿಚ್ಚಾಗುತ್ತದೆ. ಅಂಥದ್ದು ನನಗೂ ಬೇಕು. ಆದರೆ ಅದು ತಾನಾಗೇ ಬಂದು ಕೂತಾಗ ಸಿಗಬೇಕು. ಬೂರುಗ ಹೂ ಬಿಟ್ಟಾಗ ಅದರ ಕೆಳಗೆ ಅರ್ಧ ಗಂಟೆ ಅಲುಗಾಡದೆ ನಿಂತು ನೋಡಿ. ಮೈನಾ, ಕಾಜಾಣ, ಸೂರಕ್ಕಿ, ಎಲ್ಲ ಮಕರಂದಕ್ಕೆ ಮುತ್ತುತ್ತವೆ. ಒಣಕೊಂಬೆಯಲ್ಲಿ ಕಂಚುಗಾರ ಹಕ್ಕಿ ತೂತು ಕೊರೆಯುತ್ತಿರುತ್ತದೆ. ಯಾರನ್ನೂ ಕರೆಯಬೇಕಾಗಿಲ್ಲ.

ನಮ್ಮ ವಾಟ್ಸಾಪ್ ಗುಂಪಿನವರಿಗೆ ಒಂದು ಮಾತು. ಹಾಡು ಹಾಕಿ ಕರೆಸಿ ತೆಗೆದ ಫೋಟೋ ಅಂತ ಗೊತ್ತಾದರೆ ಇನ್ನು ಮುಂದೆ ನಾನು ಲೈಕ್ ಒತ್ತುವುದಿಲ್ಲ. ಹೇಗೆ ತೆಗೆದಿರಿ ಅಂತ ಎಲ್ಲರ ಮುಂದೆಯೇ ಕೇಳುತ್ತೇನೆ. ಬೇಜಾರಾದರೆ ಆಗಲಿ.